"ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಸಾರ್!"

ಬೊಮ್ಮನಹಳ್ಳಿಯ ಒಂದು ಕಾರ್ ಸರ್ವೀಸ್ ಸೆಂಟರಿನಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ಹೆಸರು ಹಾಕೋಲ್ಲ, ಯಾಕಂದ್ರೆ ಇದು ಒಂದೇ ಅಂಗಡಿಯ ಕಥೆ ಅಲ್ಲ. ಕಾರ್ ಇರೋ ಯಾರನ್ನ ಬೇಕಾದ್ರೂ ಕೇಳಿ, ಇಂಥದ್ದೇ ಒಂದು ಪುರಾಣ ಬಿಚ್ತಾರೆ.

ವಿಷಯ ಇಷ್ಟು. ಎಸಿ ತಣ್ಣಗಾಗ್ತಿಲ್ಲ ಅಂತ ಕಾರ್ ಬಿಟ್ಟೆ. ಎಸ್ಟಿಮೇಟ್ 6,500 ರೂಪಾಯಿ, ಎರಡು ದಿನದ ಕೆಲಸ. ಜಾಬ್ ಕಾರ್ಡಿಗೆ ಸಹಿ ಹಾಕಿ, ಅದರ ಫೋಟೋ ತೆಗೆದುಕೊಂಡು ಬಂದೆ. ಎರಡು ದಿನ ಹನ್ನೊಂದು ದಿನ ಆಯ್ತು. ಫೋನ್ ಮಾಡಿದಾಗಲೆಲ್ಲ "ನಾಳೆ ಪಕ್ಕಾ ಸಾರ್". ಕೊನೆಗೆ ಕೈಗೆ ಬಂದ ಬಿಲ್ 17,800! ಬ್ರೇಕ್ ಪ್ಯಾಡ್, ವೈಪರ್, ಅದೇನೋ ಕ್ಲೀನಿಂಗು... ಜಾಬ್ ಕಾರ್ಡಿನಲ್ಲಿ ನನ್ನ ಸಹಿಯ ಕೆಳಗೆ ಬೇರೆ ಪೆನ್ನಿನಲ್ಲಿ ನಾಲ್ಕು ಸಾಲು ಹೊಸದಾಗಿ ಹುಟ್ಟಿಕೊಂಡಿದ್ದವು. ಹಳೇ ಪಾರ್ಟ್ ತೋರಿಸಿ ಅಂದ್ರೆ, "ಸ್ಕ್ರ್ಯಾಪ್‌ಗೆ ಹೋಯ್ತು ಸಾರ್". ಬಿಲ್ ಸರಿಮಾಡಿ ಅಂದ್ರೆ, "ಸಿಸ್ಟಮ್‌ನಲ್ಲಿ ಹಾಗೇ ಬರುತ್ತೆ ಸಾರ್".

ಸ್ವಾಮೀ, ನಾನೂ ಸಿಸ್ಟಮ್ ಬರೆದೇ ಹೊಟ್ಟೆ ಹೊರೆಯೋನು. ಯಾರೋ ಟೈಪ್ ಮಾಡದೆ ಯಾವ ಸಿಸ್ಟಮ್‌ನಲ್ಲೂ ಬ್ರೇಕ್ ಪ್ಯಾಡ್ ತಾನಾಗೇ ಬರೋಲ್ಲ. ನಮ್ಮ ಆಫೀಸಿನಲ್ಲಿ ಕ್ಲೈಂಟ್ ಒಪ್ಪಿಗೆಯ ಮೇಲ್ ಇಲ್ಲದೆ ಹೆಚ್ಚುವರಿ ಕೆಲಸಕ್ಕೆ ಬಿಲ್ ಕಳಿಸಿದ್ರೆ ಅವತ್ತೇ ಪ್ರಾಜೆಕ್ಟ್ ಕೈಬಿಟ್ಟು ಹೋಗುತ್ತೆ. ಇಲ್ಲಿ ಒಂದು ಫೋನ್ ಮಾಡಿ ಕೇಳೋಕೆ ಏನು ಕಷ್ಟ? ತಮಾಷೆ ನೋಡಿ, ನಾನು ಆ ಫೋಟೋ ತೋರಿಸಿದ ಐದೇ ನಿಮಿಷದಲ್ಲಿ ವೈಪರ್ರೂ ಕ್ಲೀನಿಂಗೂ ಬಿಲ್ಲಿನಿಂದ ಮಾಯ! ಜೊತೆಗೆ "ಬಿಲ್ ಬೇಡ ಅಂದ್ರೆ ಜಿಎಸ್‌ಟಿ 18 ಪರ್ಸೆಂಟೂ ಉಳಿಯುತ್ತೆ" ಅನ್ನೋ ಬುದ್ಧಿವಾದ ಬೇರೆ. ಬಿಲ್ಲೇ ಇಲ್ಲದಿದ್ರೆ ನಾಳೆ ಯಾವ ಮುಖ ಇಟ್ಕೊಂಡು ದೂರು ಕೊಡೋದು?

ನನಗೇನೋ ನಡೆದು ಹೋಯ್ತು. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮೆಟ್ರೋ ಇದೆ, ಬೊಮ್ಮನಹಳ್ಳಿಯಲ್ಲಿ ಹತ್ತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆ. ಆದರೆ ಅಲ್ಲೇ ಪಕ್ಕದಲ್ಲಿ ಹಳದಿ ಬೋರ್ಡಿನ ಕಾರ್ ಬಿಟ್ಟು ಕಾಯ್ತಿದ್ದ ಡ್ರೈವರಣ್ಣನ ಗತಿ? ಗಾಡಿ ನಿಂತ ದಿನ ದುಡಿಮೆ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲೋಲ್ಲ. ಅವರು ಸಹಿ ಹಾಕಿದ ಜಾಬ್ ಕಾರ್ಡ್ ಪೂರ್ತಿ ಇಂಗ್ಲಿಷ್, ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿ ಷರತ್ತುಗಳು. ಬೆಂಗಳೂರಿನಲ್ಲಿ ಕನ್ನಡಿಗನಿಂದ ಸಹಿ ಹಾಕಿಸಿಕೊಳ್ಳೋ ಕಾಗದ ಕನ್ನಡದಲ್ಲಿ ಯಾಕಿಲ್ಲ? ಓದೋಕಾಗದ ಕಾಗದಕ್ಕೆ ಪಡೆದ ಸಹಿಯನ್ನ ಒಪ್ಪಿಗೆ ಅಂತಾರಾ?

ಕಾನೂನು ನಮ್ಮ ಕಡೆಗಿದೆ, ಬಳಸೋರು ಕಮ್ಮಿ ಅಷ್ಟೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಬಿಲ್ ಕೊಡದಿರೋದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನೀವು ವಾಸವಿರೋ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ, ವಕೀಲರಿಲ್ಲದೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಬ್ರೇಕ್ ಪ್ಯಾಡ್ ವಿಚಾರಕ್ಕೆ ನಾನಂತೂ ದೂರು ಬರೀತಿದ್ದೀನಿ. ನೀವೂ ಇಷ್ಟು ಮಾಡಿ: ಜಾಬ್ ಕಾರ್ಡಿನ ಫೋಟೋ ತೆಗೀರಿ, ಹಳೇ ಪಾರ್ಟ್ ವಾಪಸ್ ಕೇಳಿ, ಬಿಲ್ ಬಿಡಬೇಡಿ, ಕನ್ನಡದಲ್ಲೇ ಮಾತಾಡಿ. ಹತ್ತು ಜನ ಹೀಗೆ ಕೇಳಿದ್ರೆ ಅವರ ಸಿಸ್ಟಮ್ ತಾನಾಗೇ ಸರಿ ಹೋಗುತ್ತೆ. ಏನಂತೀರಿ?