ಮರಳಿ ಬರುವ ದೋಣಿ

ಮಳೆಗಾಲದ ಮೊದಲ ಹೊನಲಿನಲ್ಲಿ ಕಾಗದದ ದೋಣಿಯನ್ನು ತೇಲಿಬಿಡದ ಬಾಲ್ಯವುಂಟೆ? ಲೆಕ್ಕದ ಪುಸ್ತಕದ ಹಾಳೆಯನ್ನು ಹರಿದು ಮಡಿಸಿ, ಅಂಗಳದ ನೀರಿಗೆ ಬಿಟ್ಟ ಆ ದೋಣಿ ಹತ್ತು ಮಾರು ದೂರ ಹೋಗಿ ಮಗುಚಿಕೊಳ್ಳುತ್ತದೆ. ಇಲ್ಲವೆ ಮೋರಿಯ ಬಾಯಲ್ಲಿ ಕಣ್ಮರೆಯಾಗುತ್ತದೆ. ಹೋದ ದೋಣಿ ಹೋಯಿತು. ಅದನ್ನು ದಡದಲ್ಲಿ ನಿಂತೇ ಮರಳಿ ಕರೆಯಬೇಕೆಂಬ ಆಸೆಯು ರೇಡಿಯೋ ಹಾಯಿದೋಣಿಯೆಂಬ ಹವ್ಯಾಸದಲ್ಲಿ ಕೈಗೂಡುತ್ತದೆ.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನೀರಿನ ತೊಟ್ಟಿಯೊಂದರಲ್ಲಿ ಪುಟ್ಟ ದೋಣಿಯನ್ನು ತೇಲಿಬಿಟ್ಟು, ತಂತಿಯ ಸಂಪರ್ಕವಿಲ್ಲದೆ, ದೂರದಿಂದಲೇ ಅದನ್ನು ಅತ್ತಿತ್ತ ತಿರುಗಿಸಿ ತೋರಿಸಿದನು. ನೆರೆದವರಿಗೆ ಅದು ಮಾಟವೋ ಮಂತ್ರವೋ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಟೆಸ್ಲಾನ ದೋಣಿಯ ಹೊಟ್ಟೆಯಲ್ಲಿ ಬ್ಯಾಟರಿಯೂ ಅದನ್ನು ಮುಂದೂಡುವ ಯಂತ್ರವೂ ಇದ್ದುವು. ಹಾಯಿದೋಣಿಗೆ ಆ ಸೌಭಾಗ್ಯವಿಲ್ಲ. ಅದನ್ನು ನಡೆಸುವುದು ಗಾಳಿ; ಗಾಳಿಯಾದರೋ ಯಾವ ರೇಡಿಯೋದ ಮಾತನ್ನೂ ಕೇಳುವಂಥದಲ್ಲ.

ಹಾಗಾದರೆ ರೇಡಿಯೋದ ಕೆಲಸವೇನು? ಕೇವಲ ಎರಡು. ಒಂದು, ಚುಕ್ಕಾಣಿಯನ್ನು ಎಡಬಲಕ್ಕೆ ತಿರುಗಿಸುವುದು. ಇನ್ನೊಂದು, ಹಾಯಿಯ ಹಗ್ಗವನ್ನು ಎಳೆಯುವುದು ಅಥವಾ ಸಡಿಲಿಸುವುದು. (ಚುಕ್ಕಾಣಿಯೆಂಬ ಮಾತೇ ಅರಬ್ಬೀ ನಾವಿಕರ 'ಸುಕ್ಕಾನ್'ನಿಂದ ನಮ್ಮ ಕರಾವಳಿಗೆ ಇಳಿದು ಬಂದುದೆನ್ನುತ್ತಾರೆ, ಬಂದ ನೆಂಟ ಮನೆಯವನಾದ.) ದೋಣಿಯೊಳಗಿನ ಒಂದು ಚಿಕ್ಕ ಮೋಟಾರು ಮೊದಲನೆಯ ಆಜ್ಞೆಯನ್ನೂ, ರಾಟೆಯಂಥ ಇನ್ನೊಂದು ಮೋಟಾರು ಎರಡನೆಯದನ್ನೂ ನಡೆಸುತ್ತವೆ. ಉಳಿದುದನ್ನೆಲ್ಲ ದೋಣಿ ನೀರಿಗಿಳಿಯುವ ಮುನ್ನ ದಡದಲ್ಲೇ ಮುಗಿಸಿರಬೇಕು. ಹೊಸಬರು ಈ ಮಾತನ್ನು ಗಮನಿಸುವುದಿಲ್ಲ. ದೋಣಿ ಸರಿಯಾಗಿ ಸಾಗದಿದ್ದರೆ ಕೈಯಲ್ಲಿರುವ ಪ್ರೇಷಕಯಂತ್ರವನ್ನು ದೂರುತ್ತಾರೆ. ದೋಷ ಬಹುಮಟ್ಟಿಗೆ ಕೂವೆಕಂಬದಲ್ಲೋ ಹಗ್ಗದ ಗಂಟಿನಲ್ಲೋ ಇರುತ್ತದೆ.

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಶಾಸನಾಭ್ಯಾಸಿಗಳಿಗೆ ಪರಿಚಿತವಾದ ಊರು. ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಎಂದರೆ ಎಂಟನೆಯ ಶತಮಾನದ, ಕನ್ನಡ ಶಾಸನ ಅಲ್ಲಿ ದೊರೆತಿದೆ. ಕಡಲಿಗೂ ಈ ಊರಿಗೂ ನಡುವೆ ಸಹ್ಯಾದ್ರಿಯೇ ಅಡ್ಡ ನಿಂತಿದೆ. ಆದರೂ ಆ ಸೀಮೆಗೆ ನೀರಿನ ಪರಿಚಯ ಕಡಮೆಯೇನಲ್ಲ: ಹಿರೇಕೆರೂರಿನ ಹೆಸರಿನಲ್ಲೇ ಕೆರೆಯುಂಟು, ಸವಣೂರಿಗೆ ಮೋತಿ ತಲಾಬ, ಹಾನಗಲ್ಲಿಗೆ ಆನಿಕೆರೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವ ಸಂಸಾರವೊಂದು ದಸರೆಯ ರಜೆಗೆ ಹತ್ತಿಮತ್ತೂರಿನ ಅಜ್ಜನ ಮನೆಗೆ ಬಂದಿದೆಯೆಂದು ಭಾವಿಸಬಹುದು. ಹುಡುಗನ ಕೈಯಲ್ಲಿ ಒಂದು ಮೀಟರು ಉದ್ದದ ಹೊಸ ಹಾಯಿದೋಣಿ. ಕೆರೆ ತುಂಬಿದೆ, ಮುಂಗಾರಿನ ಬಿರುಗಾಳಿಯ ಅಬ್ಬರ ಇಳಿದಿದೆ. ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಬೇಸಗೆಯಾದರೆ ಕೆರೆಯ ಅಂಚಿನಲ್ಲಿ ಕೆಸರಷ್ಟೇ ಉಳಿದಿರುತ್ತದೆ.

ಒಂದು ಮೀಟರೆಂಬ ಅಳತೆ ಅಕಸ್ಮಾತ್ತಾಗಿ ಬಂದುದಲ್ಲ. ಪ್ರಪಂಚದ ಹಲವು ದೇಶಗಳಲ್ಲಿ ಈ ಆಟದ ಪಂದ್ಯಗಳು ನಡೆಯುತ್ತವೆ. 1988ರಲ್ಲಿ ರೂಪುಗೊಂಡ 'ಅಂತರರಾಷ್ಟ್ರೀಯ ಒಂದು ಮೀಟರ್' ವರ್ಗ ಅವುಗಳಲ್ಲಿ ಬಲು ಜನಪ್ರಿಯ. ಉದ್ದ ಒಂದು ಮೀಟರಿಗೆ ಮೀರಬಾರದು. ತೂಕ ನಾಲ್ಕು ಕಿಲೋಗ್ರಾಮಿಗೆ ಕಡಮೆಯಾಗಬಾರದು. ಹಣವಂತನೇ ಗೆಲ್ಲುವಂತಾಗದಿರಲೆಂದು, ದುಬಾರಿಯಾದ ಇಂಗಾಲದ ನಾರನ್ನು ದೋಣಿಯ ಒಡಲಿಗೂ ಕೂವೆಗೂ ಬಳಸುವುದನ್ನು ನಿಷೇಧಿಸಿದ್ದಾರೆ. ಆಟದ ನಿಯಮಗಳಲ್ಲಿ ಇಷ್ಟು ವಿವೇಕ ಅಪರೂಪ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದರಾಸು ಇಂಜಿನಿಯರ್ ಗ್ರೂಪಿನ ಸೈನಿಕರು ಹಾಯಿದೋಣಿ ನಡೆಸುವುದನ್ನು ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಗಾಳಿ ದೋಣಿಯನ್ನು ಒಂದು ಕಡೆಗೆ ಒರಗಿಸಿದಾಗ ನಾವಿಕನು ಇನ್ನೊಂದು ಅಂಚಿನಿಂದ ಹೊರಕ್ಕೆ ಬಾಗಿ ತನ್ನ ಮೈಭಾರದಿಂದ ಅದನ್ನು ನೆಟ್ಟಗೆ ನಿಲ್ಲಿಸುತ್ತಾನೆ. ಮಾದರಿ ದೋಣಿಯಲ್ಲಿ ಅಂಥ ನಾವಿಕನಿಲ್ಲ. ಅವನ ಬದಲಿಗೆ ದೋಣಿಯ ತಳದಿಂದ ಕೆಳಕ್ಕೆ ಇಳಿದ ಕಿರಿದಾದ ರೆಕ್ಕೆಯೂ, ಅದರ ತುದಿಯಲ್ಲಿ ಸೀಸದ ಗುಂಡೂ ಇರುತ್ತವೆ. ಇಡೀ ದೋಣಿಯ ಅರ್ಧಕ್ಕಿಂತ ಹೆಚ್ಚು ತೂಕ ಅಲ್ಲಿಯೇ ಅಡಗಿದೆ. ಗಾಳಿ ಎಷ್ಟು ಕೆಡವಿದರೂ ದೋಣಿ ತಾನಾಗಿಯೇ ಎದ್ದು ನಿಲ್ಲುವುದು ಈ ಸೀಸದ ಕೃಪೆಯಿಂದ. ರೆಕ್ಕೆ ಅಲುಗಾಡದಂತೆ ಬಿಗಿಯಾಗಿ ಕೂತಿದೆಯೇ, ಹಿಂದಿನಿಂದ ನೋಡಿದಾಗ ಕೂವೆ, ರೆಕ್ಕೆ, ಚುಕ್ಕಾಣಿ ಮೂರೂ ಒಂದೇ ಗೆರೆಯಲ್ಲಿವೆಯೇ ಎಂದು ನೋಡುವುದು ಮೊದಲನೆಯ ಕೆಲಸ.

ಎರಡನೆಯದು ಕೂವೆ. ಗಾಳಿಗೆ ನೇರವಾಗಿ ಎದುರು ಹೋಗುವುದು ಯಾವ ಹಾಯಿಗೂ ಸಾಧ್ಯವಿಲ್ಲ. ಗಾಳಿಯ ದಿಕ್ಕಿನಿಂದ ಸುಮಾರು 40 ರಿಂದ 45 ಅಂಶಗಳಷ್ಟು ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಟ್ಟದ ರಸ್ತೆ ಸುತ್ತಿ ಸುತ್ತಿ ಮೇಲೇರುವಂತೆ ಸಾಗಬೇಕು. ದೋಣಿಯ ಗುಣ ತಿಳಿಯುವುದು ಇಲ್ಲಿ. ಹೀಗೆ ಸಾಗುತ್ತಿರುವಾಗ ಚುಕ್ಕಾಣಿಯನ್ನು ನಡುವಿಗೆ ಬಿಟ್ಟು ನೋಡಬೇಕು. ದೋಣಿ ಬಲು ಮೆಲ್ಲಗೆ ಗಾಳಿಯ ಕಡೆಗೆ ಮುಖ ತಿರುಗಿಸಿದರೆ ಎಲ್ಲವೂ ಸರಿಯಾಗಿದೆ. ಹಟಮಾರಿ ಹೋರಿಯಂತೆ ಒಮ್ಮೆಲೇ ಗಾಳಿಗೆ ತಿರುಗಿಬಿದ್ದರೆ ಕೂವೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಗಾಳಿಗೆ ಬೆನ್ನು ಕೊಟ್ಟು ಓಡಿದರೆ ಹಿಂದಕ್ಕೆ. ಬಾಗಿಸುವುದೆಂದರೆ ಕೆಲವು ಮಿಲಿಮೀಟರುಗಳ ಮಾತು. ಬಿಗಿತಂತಿಯ ತಿರುಪನ್ನು ಒಂದೆರಡು ಸುತ್ತು ತಿರುಗಿಸಿದರೆ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದುದನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ಎಂದೂ ತಿಳಿಯದು.

ಹಾಯಿಗಳನ್ನು ತಂಬೂರಿಯ ತಂತಿಯಂತೆ ಎಳೆದು ಕಟ್ಟುವ ಚಪಲ ಹೊಸಬರಿಗೆಲ್ಲ ಇರುತ್ತದೆ. ಅದು ತಪ್ಪು. ಹಾಯಿಯು ಹಕ್ಕಿಯ ರೆಕ್ಕೆಯಂತೆ ಕೆಲಸ ಮಾಡುತ್ತದೆ. ಅದರ ಮೈಯಲ್ಲಿ ಸ್ವಲ್ಪ ಉಬ್ಬಿರಬೇಕು, ಮೇಲಿನ ತುದಿ ಕೆಳಭಾಗಕ್ಕಿಂತ ತುಸು ಹೊರಕ್ಕೆ ತೆರೆದಿರಬೇಕು. ಗಾಳಿ ಹೆಚ್ಚಿದಂತೆ ಉಬ್ಬನ್ನು ಕಡಮೆ ಮಾಡುವುದು ವಾಡಿಕೆ. ಇನ್ನೂ ಹೆಚ್ಚಿದರೆ ಹಾಯಿಯನ್ನೇ ಬದಲಿಸಬೇಕು. ಒಂದು ಮೀಟರಿನ ದೋಣಿಗೆ ದೊಡ್ಡದು, ನಡುವಣದು, ಚಿಕ್ಕದು ಎಂದು ಮೂರು ಜೊತೆ ಹಾಯಿಗಳಿರುವುದು ಇದಕ್ಕಾಗಿ. ಗದಗದ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ ಆ ಬಯಲಿನ ಆಷಾಢದ ಗಾಳಿಯ ಬಲವನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಹಗ್ಗ ಎಳೆಯುವ ಮೋಟಾರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಾಯಿ ಪೂರ್ತಿ ಒಳಬಂದ ಮೇಲೂ ಮೋಟಾರು ಎಳೆಯುತ್ತಲೇ ಇದ್ದರೆ ಅದು ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿಯನ್ನು ಹೀರಿಬಿಡುತ್ತದೆ. ಎರಡು ಕೊನೆಗಳಲ್ಲಿಯೂ ಅದು ತಾನಾಗಿ ನಿಲ್ಲುವಂತೆ ಮೇಜಿನ ಮೇಲೆಯೇ ಹೊಂದಿಸಿಕೊಳ್ಳಬೇಕು. ರೇಡಿಯೋ ಸಂಪರ್ಕ ಕಡಿದುಹೋದರೆ ಹಾಯಿ ತಾನೇ ಸಡಿಲಗೊಳ್ಳುವಂತೆ ಹೊಂದಿಸುವ ಸೌಕರ್ಯ ಇಂದಿನ ಅನೇಕ ಯಂತ್ರಗಳಲ್ಲಿದೆ. ಅದನ್ನು ಬಳಸದಿರುವುದು ಸೋಮಾರಿತನ. ದೋಣಿ ಬಿಗಿದ ಹಾಯಿಯೊಂದಿಗೆ ದಿಗಂತದ ದಾರಿ ಹಿಡಿದೀತು. ಈಗಿನ ಯಂತ್ರಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ನುಂಗಿಬಿಡುತ್ತದೆ. ಆದಕಾರಣ ಗ್ರಾಹಕಯಂತ್ರದ ಏರಿಯಲ್ ತಂತಿಯನ್ನು ನೀರಿನ ಮಟ್ಟಕ್ಕಿಂತ ಆದಷ್ಟು ಮೇಲೆ ಇರಿಸತಕ್ಕದ್ದು. ಆರಂಭದಲ್ಲಿ ಕೈಯಲ್ಲಿರುವ ಯಂತ್ರವನ್ನು ಮೊದಲು ಹಚ್ಚಿ, ಮುಗಿದಾಗ ಕೊನೆಯಲ್ಲಿ ಆರಿಸುವುದು ಹಳೆಯ ಪದ್ಧತಿ, ಬಿಡಲು ಕಾರಣವಿಲ್ಲ.

ಇಷ್ಟೆಲ್ಲ ಆದ ಮೇಲೆ ನೀರು. ತಳದ ರೆಕ್ಕೆ ನೀರಿನೊಳಗೆ ಸುಮಾರು ಒಂದು ಮೊಳದಷ್ಟು ಇಳಿಯುವುದರಿಂದ ದಡದ ಹತ್ತಿರವೇ ಅಷ್ಟು ಆಳ ಬೇಕು. ಅಂತರಗಂಗೆ ಹಬ್ಬಿದ ಕೆರೆಯಾದರೆ ಆ ದಿನದ ಆಟವನ್ನು ಮರೆಯುವುದು ಲೇಸು. ಕಳೆ ರೆಕ್ಕೆಗೆ ಸುತ್ತಿಕೊಂಡರೆ ಗಾಳಿಯಿದ್ದೂ ದೋಣಿ ನಿಂತಲ್ಲೇ ನಿಲ್ಲುತ್ತದೆ.

ಹತ್ತಿಮತ್ತೂರಿನ ಹುಡುಗನ ದೋಣಿ ಒಂದು ಗಂಟೆಯ ಕಾಲ ಸೊಗಸಾಗಿ ಓಡಾಡಿ, ಸಂಜೆ ಗಾಳಿ ಬಿದ್ದೊಡನೆ ಕೆರೆಯ ನಡುವೆ ನಿಂತುಬಿಟ್ಟಿತೆನ್ನಿ. ಬ್ಯಾಟರಿಯ ಕಸುವೂ ಕುಗ್ಗುತ್ತಿದೆ. ಬೆಲೆಬಾಳುವ ವಸ್ತು, ಎರಡು ತಿಂಗಳ ದುಡಿಮೆ. ಹುಡುಗ ಅಂಗಿಯ ಗುಂಡಿಗೆ ಕೈಹಾಕುತ್ತಾನೆ.

"ಯಾಕ ತಮ್ಮಾ, ಅಂಗಿ ಯಾಕ ಬಿಚ್ಚಾಕತ್ತಿ?"

"ಅಲ್ಲೇ ಐತಲ್ಲ ಅಜ್ಜಾ, ಈಜಿ ತರ್ತೀನಿ."

"ಹಡಗಾ ಹೋದ್ರ ಹೋಗ್ಲಿ. ನೀ ದಂಡಿ ಮ್ಯಾಲ ನಿಂದ್ರು."

ಅಜ್ಜನ ಮಾತಿಗೆ ಆಧಾರವಿದೆ. ಕೆರೆಯ ಹೂಳೆತ್ತಿದಾಗ ಅಗೆದ ಗುಂಡಿಗಳು ಮಳೆ ಬಂದ ಮೇಲೆ ನೀರಿನಡಿಯಲ್ಲಿ ಮರೆಯಾಗುತ್ತವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಆಳುದ್ದ ಇಳಿದುಹೋಗುತ್ತಾನೆ. ಕಾಲಡಿಯಲ್ಲಿ ಕೆಸರು, ಸುತ್ತಲೂ ಬಳ್ಳಿ. ಕೃಷಿಹೊಂಡಗಳ ಅಪಾಯ ಇನ್ನೂ ಘೋರ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ತರುವಾಯ ಬಯಲುಸೀಮೆಯ ಹೊಲಗಳಲ್ಲಿ ಇಂಥ ಹೊಂಡಗಳು ಬಹಳವಾಗಿವೆ. ನಿಶ್ಚಲವಾದ, ಕಳೆಯಿಲ್ಲದ ನೀರನ್ನು ಕಂಡಾಗ ಮಾದರಿ ದೋಣಿಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಇಳಿಜಾರಿನ ನಾಲ್ಕು ಬದಿಗೂ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವನಿಗೂ ಹಿಡಿದು ಮೇಲೇರಲು ಏನೂ ಸಿಗದೆ ಪ್ರಾಣ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಬೇಲಿಯಿಲ್ಲದ ಹೊಂಡದ ಹತ್ತಿರ ಮಕ್ಕಳ ಕೈಗೆ ದೋಣಿ ಕೊಡಲೇಬಾರದು.

ದೋಣಿಯನ್ನು ಮರಳಿ ಪಡೆಯಲು ನೀರಿಗಿಳಿಯದ ಉಪಾಯಗಳಿವೆ. ಟೆನ್ನಿಸ್ ಚೆಂಡಿಗೆ ಮೀನು ಹಿಡಿಯುವ ಗಾಳದ ಉದ್ದನೆಯ ನೂಲನ್ನು ಕಟ್ಟಿ, ದೋಣಿಯ ಆಚೆಗೆ ಬೀಳುವಂತೆ ಎಸೆದು, ಮೆಲ್ಲನೆ ಎಳೆದರೆ ನೂಲು ಕೂವೆಗೆ ತೊಡರಿಕೊಂಡು ದೋಣಿ ದಡಕ್ಕೆ ಬರುತ್ತದೆ. ಅಷ್ಟು ದೂರ ಎಸೆಯಲಾಗದಿದ್ದರೆ ಗಾಳಿ ಬೀಸಿ ಹೋಗುವ ಕಡೆಯ ದಡಕ್ಕೆ ನಡೆದು ಕಾಯಬೇಕು. ಸಡಿಲಾದ ಹಾಯಿಯ ದೋಣಿ ಬೆಳಗಾಗುವುದರೊಳಗೆ ಅಲ್ಲಿಗೇ ಬಂದು ತಾಗುತ್ತದೆ. ಅಷ್ಟರಲ್ಲಿ ಮುಳುಗೀತೆಂಬ ಭಯವಿದ್ದರೆ ಮೊದಲೇ ಅದರ ಒಡಲಿನ ಖಾಲಿ ಮೂಲೆಗಳಲ್ಲಿ ಥರ್ಮೋಕೋಲಿನ ತುಂಡುಗಳನ್ನು ತುರುಕಿರಬೇಕು.

ದೋಣಿ ಮನೆಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಎಷ್ಟು ಬಿಗಿಯಾಗಿ ಅಂಟುಪಟ್ಟಿ ಹಚ್ಚಿದ್ದರೂ ಮುಚ್ಚಳದ ಸಂದಿನಿಂದ ಒಂದೆರಡು ಚಮಚೆ ನೀರು ಒಳಗೆ ಸೇರಿಯೇ ಇರುತ್ತದೆ. ಅದನ್ನು ಸ್ಪಂಜಿನಿಂದ ಒರೆಸಿ, ಮುಚ್ಚಳ ತೆರೆದು ರಾತ್ರಿಯೆಲ್ಲ ಆರಲು ಬಿಡಬೇಕು. ಮುಚ್ಚಿಟ್ಟರೆ ಸ್ವಿಚ್ಚಿನ ತಾಮ್ರ ಹಸಿರುಗಟ್ಟುತ್ತದೆ. ಬ್ಯಾಟರಿಯನ್ನು ಹೊರತೆಗೆದಿಡಬೇಕು. ಚುಕ್ಕಾಣಿಯ ದಂಡಕ್ಕೆ ತುಸು ಗ್ರೀಸು ಸವರಿದರೆ ಆ ದಾರಿಯಿಂದ ನೀರು ಬರದು. ಹಗ್ಗ ಉಜ್ಜುವ ಜಾಗಗಳನ್ನು ಬೆರಳಿನಿಂದ ತಡವಿ ನೋಡಿ, ನವಿರೆದ್ದಿದ್ದರೆ ಹೊಸದನ್ನು ಕಟ್ಟಬೇಕು. ಬಿಗಿತಂತಿಗಳನ್ನು ಸಡಿಲಿಸಬೇಕು. ಹಾಯಿಗಳನ್ನು ಧೋತರದಂತೆ ಮಡಿಸದೆ, ರಟ್ಟಿನ ಕೊಳವೆಗೆ ಸುತ್ತಿ, ಬಿಸಿಲು ತಾಗದ ಮೂಲೆಯಲ್ಲಿ ನಿಲ್ಲಿಸಬೇಕು. ಅಜ್ಜನ ಮನೆಯಲ್ಲಾದರೆ ಅಟ್ಟದ ಮೇಲೆ ಇಲಿಗಳಿರುತ್ತವೆ; ಗೂಟಕ್ಕೆ ತೂಗುಹಾಕುವುದೇ ವಾಸಿ.