ಎದೆಬಡಿತಕ್ಕೂ ಕೋಟಾ ಇದೆಯೇ? ಲಾಬ್‌ಸ್ಟರ್ ಮತ್ತು ಹಮ್ಮಿಂಗ್‌ಬರ್ಡ್ ಹೋಲಿಕೆಯ ಸತ್ಯಾಂಶ

"ಪ್ರತಿ ಜೀವಿಗೂ ಎದೆಬಡಿತ ಇಂತಿಷ್ಟೇ ಎಂದು ನಿಗದಿಯಾಗಿದೆ. ಕಡಲ ತಳದಲ್ಲಿ ಸುಮ್ಮನೆ ಕೂರುವ ಲಾಬ್‌ಸ್ಟರ್‌ಗೆ ಸಾವೇ ಇಲ್ಲ, ಹಾರಾಡುವ ಹಮ್ಮಿಂಗ್‌ಬರ್ಡ್ ಬೇಗ ಸಾಯುತ್ತದೆ. ಆದ್ದರಿಂದ ವ್ಯಾಯಾಮ ಮಾಡಿ ಬಡಿತ ವ್ಯರ್ಥ ಮಾಡಬೇಡಿ." ಇಂಥ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು? ನೋಡೋಣ.

ಲಾಬ್‌ಸ್ಟರ್‌ಗೆ ಸಾವಿಲ್ಲವೇ?

ಇದೆ. ಅಮೆರಿಕ ಮತ್ತು ಕೆನಡಾದ ಅಟ್ಲಾಂಟಿಕ್ ಕರಾವಳಿಯ ಲಾಬ್‌ಸ್ಟರ್‌ಗಳು ಹಲವು ದಶಕ ಬದುಕಬಲ್ಲವು. ವರ್ಣತಂತುಗಳ ತುದಿ ಸವೆಯದಂತೆ ಕಾಯುವ ಟೆಲೊಮೆರೇಸ್ ಎಂಬ ಕಿಣ್ವ ಅವುಗಳಲ್ಲಿ ವಯಸ್ಸಾದ ಮೇಲೂ ಕೆಲಸ ಮಾಡುತ್ತದೆ. 'ಅಮರ' ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಬೆಳೆಯಬೇಕಾದರೆ ಅವು ಹಳೆಯ ಚಿಪ್ಪು ಕಳಚಲೇಬೇಕು. ದೇಹ ದೊಡ್ಡದಾದಷ್ಟೂ ಅದಕ್ಕೆ ಬೇಕಾದ ಶಕ್ತಿಯೂ ಹೆಚ್ಚು. ಮುದಿ ಲಾಬ್‌ಸ್ಟರ್‌ಗಳು ಚಿಪ್ಪು ಕಳಚುವಾಗಲೇ ಸುಸ್ತಾಗಿ ಸಾಯುವುದುಂಟು. ಚಿಪ್ಪಿನ ರೋಗಗಳೂ ಕಾಡುತ್ತವೆ.

ಹಮ್ಮಿಂಗ್‌ಬರ್ಡ್ ಬೇಗ ಸಾಯುತ್ತದೆಯೇ?

ಮಕರಂದ ಹೀರುವ ಈ ಪುಟ್ಟ ಹಕ್ಕಿ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುವುದು ಸೂರಕ್ಕಿ, ಅದು ಬೇರೆ ಕುಟುಂಬದ್ದು. ಹಮ್ಮಿಂಗ್‌ಬರ್ಡ್‌ನ ಎದೆ ನಿಮಿಷಕ್ಕೆ 1,200ಕ್ಕೂ ಹೆಚ್ಚು ಸಲ ಬಡಿದದ್ದು ದಾಖಲಾಗಿದೆ. ಚಳಿ ರಾತ್ರಿಯ ಜಡನಿದ್ರೆಯಲ್ಲಿ ಅದು 100ಕ್ಕಿಂತ ಕೆಳಗೂ ಇಳಿಯಬಹುದು. ಹೆಚ್ಚಿನವು ಕೆಲವೇ ವರ್ಷ ಬದುಕುತ್ತವೆ ನಿಜ. ಆದರೆ ಕಾಲಿಗೆ ಉಂಗುರ ತೊಡಿಸಿದ್ದ ಒಂದು ಹಕ್ಕಿ ಅಮೆರಿಕದ ಕೊಲೊರಾಡೊದಲ್ಲಿ 12 ವರ್ಷ ದಾಟಿದ ಮೇಲೂ ಜೀವಂತವಾಗಿ ಸಿಕ್ಕಿತ್ತು. ಅದಕ್ಕಿಂತ ಎಷ್ಟೋ ಪಟ್ಟು ತೂಕದ, ಎದೆಬಡಿತವೂ ನಿಧಾನವಿರುವ ಇಲಿ ಬದುಕುವುದು ಎರಡು-ಮೂರು ವರ್ಷ ಅಷ್ಟೇ.

ಹಾಗಾದರೆ ಕೋಟಾ?

ಸಸ್ತನಿಗಳಲ್ಲಿ ಚಿಕ್ಕವುಗಳ ಎದೆ ವೇಗವಾಗಿ ಬಡಿಯುತ್ತದೆ, ಆಯುಸ್ಸು ಕಡಿಮೆ. ದೊಡ್ಡವುಗಳದ್ದು ಇದಕ್ಕೆ ವಿರುದ್ಧ. ಸಂದೇಶದಲ್ಲಿರುವ ನಿಜ ಇಷ್ಟೇ. ಇದು ಒಟ್ಟಾರೆ ಒಲವು, ನಿಯಮವಲ್ಲ. ಎರಡು ವರ್ಷ ಬದುಕುವ ಇಲಿಯ ಲೆಕ್ಕ ಸುಮಾರು 60 ಕೋಟಿ ಬಡಿತ. 75 ವರ್ಷ ಬದುಕುವ ಮನುಷ್ಯನದ್ದು ಸುಮಾರು 275 ಕೋಟಿ. ಕೋಟಾ ಒಂದೇ ಆಗಿದ್ದರೆ ಇಷ್ಟು ಅಂತರ ಇರುತ್ತಿರಲಿಲ್ಲ. ಲಾಬ್‌ಸ್ಟರ್ ಅಂತೂ ಶೀತರಕ್ತ ಪ್ರಾಣಿ. ನೀರಿನ ಉಷ್ಣತೆ ಬದಲಾದರೆ ಅದರ ಬಡಿತವೂ ಬದಲಾಗುತ್ತದೆ. ಅದನ್ನು ನಮ್ಮ ಎದೆಗೆ ಹೋಲಿಸುವುದೇ ತಪ್ಪು.

ವಾಕಿಂಗ್ ಬಿಡಬೇಕೇ?

ಬೇಡ. ಸಂದೇಶದ ಲೆಕ್ಕವನ್ನೇ ಒಪ್ಪಿಕೊಳ್ಳೋಣ. ಒಂದು ಗಂಟೆ ನಡೆಯುವಾಗ ನಿಮಿಷಕ್ಕೆ 40 ಬಡಿತ ಹೆಚ್ಚಾದರೆ ಖರ್ಚು 2,400. ನಿಯಮಿತ ವ್ಯಾಯಾಮದಿಂದ ವಿಶ್ರಾಂತಿಯ ಬಡಿತ ನಿಮಿಷಕ್ಕೆ ಬರೀ 5 ತಗ್ಗಿದರೂ ಉಳಿದ 23 ಗಂಟೆಯಲ್ಲಿ ಉಳಿತಾಯ 6,900. ಅಂದರೆ ಲಾಭವೇ!

ಈ ಸಂದೇಶ ನಂಬಿ ಮನೆಯ ಹಿರಿಯರು ನಡಿಗೆ ನಿಲ್ಲಿಸಿದರೆ ಬಿಪಿ, ಶುಗರ್, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಈಗಾಗಲೇ ಹೃದಯದ ತೊಂದರೆ ಇರುವವರು ಎಷ್ಟು ನಡೆಯಬೇಕೆಂದು ವೈದ್ಯರನ್ನೇ ಕೇಳಲಿ. ಸಂದೇಶ ಮತ್ತೆ ಗ್ರೂಪಿಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಲೆಕ್ಕ ತೋರಿಸಿ.