ಕಡೆಯ ಗಳಿಗೆಯ ಗೆಲುವು

ಗೆಲುವನ್ನು ಗೆದ್ದವರಿಗಿಂತ ಅದನ್ನು ಕಂಡವರೇ ಹೆಚ್ಚು ಕಾಲ ಅನುಭವಿಸುತ್ತಾರೆಂದು ತೋರುತ್ತದೆ. ಆಡಿದವನು ಮರುದಿನವೇ ಮುಂದಿನ ಪಂದ್ಯದ ಚಿಂತೆಗೆ ಬೀಳುತ್ತಾನೆ. ಕಾಲಿನ ನೋವು, ಏರುತ್ತಿರುವ ವಯಸ್ಸು, ತಂಡದಲ್ಲಿ ಉಳಿಯುವೆನೋ ಇಲ್ಲವೋ ಎಂಬ ಅಳುಕು ಅವನನ್ನು ಮುಂದಕ್ಕೆ ಎಳೆದೊಯ್ಯುತ್ತವೆ. ನೋಡಿದವನಿಗೆ ಈ ತೊಡಕುಗಳಿಲ್ಲ. ಅವನು ಆ ಒಂದು ಗಳಿಗೆಯನ್ನು ಮನೆಗೆ ಒಯ್ದು ಜೋಪಾನವಾಗಿಟ್ಟು, ಜೊತೆಗಾರರು ಸಿಕ್ಕಾಗಲೆಲ್ಲ ಹೊರತೆಗೆದು, ಒರೆಸಿ, ತೋರಿಸಿ, ಮತ್ತೆ ಒಳಗಿಡುತ್ತಾನೆ.

ಈಚೆಗೆ ದುರ್ಗದ ಬಸ್ಸು ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಇಂಥದೊಂದು ಮಾತುಕತೆ ನಮ್ಮ ಕಿವಿಗೆ ಬಿದ್ದಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹಬ್ಬಕ್ಕೆಂದು ಊರಿಗೆ ಬಂದಿದ್ದ ಮೂವರು ತರುಣರು, ಮಿರ್ಚಿ ಮಂಡಕ್ಕಿಯ ತಟ್ಟೆಗಳನ್ನು ಬದಿಗೆ ಸರಿಸಿ, ನೀರಿನ ಲೋಟಗಳನ್ನು ಮೇಜಿನ ಮೇಲೆ ಸಾಲಾಗಿ ಹೂಡಿ, ಒಂದು ಫುಟ್‌ಬಾಲ್ ಪಂದ್ಯವನ್ನು ಮತ್ತೆ ಆಡಿಸುತ್ತಿದ್ದರು. “ನೂರಾಹದಿನೇಳನೇ ನಿಮಿಷ ಕಣೋ!” ಎಂದು ಒಬ್ಬನೆಂದರೆ, ಚೆಂಡು ಯಾವ ಕಡೆಯಿಂದ ಬಂದಿತೆಂಬುದನ್ನು ಇನ್ನೊಬ್ಬ ಲೋಟ ಸರಿಸಿ ತೋರಿಸುತ್ತಿದ್ದ. ಮೂರನೆಯವನು ಆ ರಾತ್ರಿ ಪ್ರಯಾಣದಲ್ಲಿದ್ದು ಪಂದ್ಯವನ್ನೇ ನೋಡಿರಲಿಲ್ಲವಂತೆ. ಆದರೆ ಮಿಕ್ಕಿಬ್ಬರ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ತಿದ್ದುತ್ತಿದ್ದವನು ಅವನೇ. ಕೇಳಿ ಕೇಳಿ ಅವನಿಗೆ ಅದು ಕಂಡುದಕ್ಕಿಂತ ಹೆಚ್ಚು ಸ್ಪಷ್ಟವಾಗಿತ್ತು. ಹತ್ತಿರದ ಮೇಜಿನ ಹಿರಿಯರೊಬ್ಬರು, ಇಷ್ಟು ವರ್ಷಗಳ ಹಿಂದಿನ ಆಟಕ್ಕೆ ಈ ಪಾಟಿ ಗದ್ದಲವೇಕೆಂದು ಗೊಣಗಿದರು. ಆ ಗೊಣಗಾಟಕ್ಕೆ ಉತ್ತರ ಕೊಡಬೇಕೆನಿಸಿದುದೇ ಈ ಬರಹಕ್ಕೆ ಕಾರಣ.

ಅವರು ಮಾತನಾಡುತ್ತಿದ್ದುದು 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯದ ವಿಷಯ. ಬೆಂಗಳೂರಿನ ತಂಡಕ್ಕೆ ಎದುರಾಳಿ ಗೋವಾ ತಂಡ. ತೊಂಬತ್ತು ನಿಮಿಷ ಕಳೆದರೂ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಆಟದ ಮೊದಲರ್ಧ ಮುಗಿಯುವ ಹೊತ್ತಿಗೆ ಗೋವೆಯ ಅಹಮದ್ ಜಾಹು ಎರಡನೆಯ ಹಳದಿ ಚೀಟಿ ಪಡೆದು ಹೊರನಡೆದ. ಹತ್ತೇ ಮಂದಿ ಉಳಿದರೂ ಗೋವೆಯವರು ಜಗ್ಗಲಿಲ್ಲ. ಇನ್ನು ಮೂರು ನಿಮಿಷ ತಡೆದಿದ್ದರೆ ಪೆನಾಲ್ಟಿಗಳ ಜೂಜು. ಆಗ ದಿಮಾಸ್ ದೆಲ್ಗಾದೋ ಮೂಲೆಯಿಂದ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆಕೊಟ್ಟ. ಚೆಂಡು ಬಲೆಯೊಳಗೆ ಬಿದ್ದಿತು. ಭೇಕೆ ಹುಟ್ಟಿದ ಊರೂ ಮುಂಬಯಿಯೇ. ಬೆಂಗಳೂರಿಗೆ ಆ ಲೀಗಿನ ಮೊದಲ ಪ್ರಶಸ್ತಿ ಹೀಗೆ ದೊರಕಿತು.

ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು. ಆದರೆ ಆ ತರುಣರು ಅಷ್ಟಕ್ಕೆ ನಿಲ್ಲಿಸಲಿಲ್ಲ, ನಿಲ್ಲಿಸಲಾಗುವುದೂ ಇಲ್ಲ. ಆ ಗೋಲಿನ ರುಚಿ ಇರುವುದು ಅದರ ಹಿಂದಿನ ಕಹಿಯಲ್ಲಿ. ಸರಿಯಾಗಿ ಒಂದು ವರ್ಷದ ಹಿಂದೆ, 2018ರ ಮಾರ್ಚ್ 17ರಂದು, ಇದೇ ತಂಡ ತನ್ನೂರಿನ ಕಂಠೀರವ ಕ್ರೀಡಾಂಗಣದಲ್ಲಿ, ತನ್ನವರ ಕಣ್ಣೆದುರಿನಲ್ಲಿ, ಚೆನ್ನೈಯಿನ್ ತಂಡಕ್ಕೆ 3–2ರಿಂದ ಸೋತಿತ್ತು. ಸುನಿಲ್ ಛೇತ್ರಿ ಮೊದಲು ಗೋಲು ಹೊಡೆದು ಆಸೆ ಹುಟ್ಟಿಸಿದ್ದ. ಆಮೇಲೆ ಮೂಲೆಯಿಂದ ಬಂದ ಚೆಂಡುಗಳಿಗೆ ತಲೆಕೊಟ್ಟು ಎದುರಾಳಿಯ ಮೈಲ್ಸನ್ ಆಲ್ವೆಸ್ ಎರಡು ಗೋಲು ಗಳಿಸಿದ. ಯಾವ ಬಗೆಯ ಚೆಂಡು ತಮ್ಮನ್ನು ಕೆಡಿಸಿತೋ ಅದೇ ಬಗೆಯ ಚೆಂಡಿನಿಂದ ವರ್ಷ ತುಂಬಿದ ದಿನವೇ ಬೆಂಗಳೂರಿನವರು ಗೆದ್ದರು. ಅದಕ್ಕೂ ಹಿಂದೆ, 2015ರ ಮೇ 31ರಂದು, ಐ-ಲೀಗಿನ ಕೊನೆಯ ಪಂದ್ಯದಲ್ಲಿ ಕಂಠೀರವದಲ್ಲೇ ಒಂದು ಗೋಲಿನಿಂದ ಮುಂದಿದ್ದ ಬೆಂಗಳೂರು, 87ನೆಯ ನಿಮಿಷದಲ್ಲಿ ಮೋಹನ್ ಬಗಾನಿನ ಬೆಲ್ಲೋ ರಜಾಕ್ ಸಮ ಮಾಡಿದುದರಿಂದ ಕೈಗೆ ಬಂದಿದ್ದ ಪ್ರಶಸ್ತಿಯನ್ನು ಕಳೆದುಕೊಂಡಿತ್ತು. ಕಲ್ಕತ್ತೆಯ ಮನೆಗಳಲ್ಲಿ ಇಂದಿಗೂ ಆ 87ನೆಯ ನಿಮಿಷವನ್ನು ಹೀಗೆಯೇ ಲೋಟಗಳನ್ನಿಟ್ಟು ತೋರಿಸುವವರು ಇದ್ದಾರು. ಒಬ್ಬರ ಕಡೆಯ ಗಳಿಗೆಯ ಗೆಲುವೆಂದರೆ ಇನ್ನೊಬ್ಬರ ಕಡೆಯ ಗಳಿಗೆಯ ಸೋಲು. ಎರಡನ್ನೂ ಉಂಡವನಿಗೆ ಮಾತ್ರ ಕಥೆ ಹೇಳುವ ಅಧಿಕಾರ ಪೂರ್ಣವಾಗಿ ಸಲ್ಲುತ್ತದೆ.

ಈ ಹೇಳಿಕೊಳ್ಳುವ ಚಪಲವನ್ನು ಹಗುರವಾಗಿ ಕಾಣಬೇಕಾದುದಿಲ್ಲ. ದುರ್ಗದವರಾದ ನಾವಂತೂ ಹಾಗೆ ಕಾಣಲಾರೆವು. ಕೋಟೆಯ ಆ ಇಕ್ಕಟ್ಟಾದ ಕಿಂಡಿಯ ಮುಂದೆ ದಿನಕ್ಕೆ ಎಷ್ಟು ಸಲ ಒಂದೇ ಕಥೆ ನಡೆಯುತ್ತದೆಂಬುದನ್ನು ಬಲ್ಲೆವು. ಕಾವಲಿನ ಮುದ್ದಹನುಮ ಊಟಕ್ಕೆ ಬಂದಿದ್ದಾನೆ. ನೀರು ತರಲು ಹೋದ ಹೆಂಡತಿಗೆ ಕಿಂಡಿಯಲ್ಲಿ ಸದ್ದು ಕೇಳುತ್ತದೆ. ಕೈಗೆ ಸಿಕ್ಕಿದ್ದು ಒನಕೆ. ಹೇಳುವವನಿಗೆ ಮುಂದೇನೆಂದು ಗೊತ್ತು, ಕೇಳುವ ಶಾಲೆಯ ಹುಡುಗರಿಗೂ ಗೊತ್ತು. ಆದರೂ ಮೊದಲ ತಲೆ ಕಿಂಡಿಯಿಂದ ಹೊರಬರುವ ಕಡೆಗೆ ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಅದೂ ಕಡೆಯ ಗಳಿಗೆಯ ಗೆಲುವೇ. ಇನ್ನೊಂದು ತುಸು ತಡವಾಗಿದ್ದರೆ, ಕೊಡ ಹೊತ್ತು ಅವಳು ಬೇರೆ ದಾರಿ ಹಿಡಿದಿದ್ದರೆ ಎಂಬ ನೆನಹೇ ಆ ಕಥೆಯ ಜೀವ.

ಇತಿಹಾಸದ ಲೆಕ್ಕದಲ್ಲಿ ನೋಡಿದರೆ ಆ ಗೆಲುವು ಬಹುಕಾಲ ನಿಲ್ಲಲಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ದುರ್ಗದ ಜನ ಈ ಅಂತ್ಯವನ್ನೂ ಮರೆಯಲಿಲ್ಲ, ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು ಆ ಅಸ್ತಮಾನದ ಕಥೆಗೇ. ಸೋತ ಕೋಟೆಯ ಜನ ಗೆದ್ದ ಒಂದು ಗಳಿಗೆಯನ್ನು ಬಿಟ್ಟುಕೊಡಲಿಲ್ಲ, ಸೋಲನ್ನು ಮುಚ್ಚಿಡಲೂ ಇಲ್ಲ. ಕೋಟೆಯ ಕಾವಲುಗಾರನ ಹೆಂಡತಿಯೊಬ್ಬಳ ಹೆಸರು ಬಾಯಿಂದ ಬಾಯಿಗೆ ದಾಟುತ್ತ ಬಂದು, 1972ರಲ್ಲಿ ‘ನಾಗರಹಾವು’ ಚಿತ್ರದ ಮೂಲಕ ನಾಡಿನ ಮೂಲೆ ಮೂಲೆಗೂ ಮುಟ್ಟಿ, ಇಂದು ನಮ್ಮೂರಿನ ಕ್ರೀಡಾಂಗಣಕ್ಕೂ ಅವಳ ಹೆಸರೇ ನಿಂತಿದೆ. ಹೇಳುವವರು ಇದ್ದುದರಿಂದ ಅವಳು ಉಳಿದಳು. ಹೇಳುವವರು ಇಲ್ಲದೆಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನ ಫುಟ್‌ಬಾಲಿನ ಚರಿತ್ರೆಯೇ ಸಾಕ್ಷಿ.

ಆ ಮೂವರು ತರುಣರಿಗೆ 117ನೆಯ ನಿಮಿಷ ಗೊತ್ತು. ಆದರೆ ಮೈಸೂರು ಸಂಸ್ಥಾನದ ತಂಡ 1946–47ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತೆಂದಾಗಲಿ, 1952–53, 1967–68, 1968–69ರಲ್ಲಿ ಮತ್ತೆ ಮತ್ತೆ ಗೆದ್ದಿತೆಂದಾಗಲಿ, ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಫುಟ್‌ಬಾಲಿನ ತವರೆನಿಸಿದ ಬಂಗಾಳವೇ ಎಂದಾಗಲಿ ಅವರಿಗೆ ಯಾರೂ ಹೇಳಿದಂತಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಾಗ, ಅದನ್ನು ಗೆದ್ದ ಮೊದಲ ಭಾರತೀಯ ತಂಡ ಅದಾಗಿತ್ತು. ಮರುವರ್ಷವೂ ಅದೇ ತಂಡ ಆ ಕಪ್ಪನ್ನು ಉಳಿಸಿಕೊಂಡಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ ಭಾರತ ತಂಡ ಫ್ರಾನ್ಸನ್ನು ಎದುರಿಸಿದಾಗ, ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೊರೆತ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಆಟ ಮುಗಿಯಲು ಒಂದು ನಿಮಿಷವಿರುವಾಗ ಫ್ರೆಂಚರು ಮತ್ತೊಂದು ಗೋಲು ಹೊಡೆದು ಗೆದ್ದರು. ಈ ಕಡೆಯ ಗಳಿಗೆಯೂ ನಮ್ಮದೇ. ಲೋಟಗಳನ್ನಿಟ್ಟು ಅದನ್ನು ತೋರಿಸುವ ಹೋಟೆಲು ಕರ್ನಾಟಕದಲ್ಲಿ ಎಲ್ಲಿದೆ?

ಈ ಮರೆವಿಗೆ ಕಾರಣಗಳಿಲ್ಲದಿಲ್ಲ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಮೊದಲಾದ ದಂಡುಪ್ರದೇಶದ ಓಣಿಗಳಲ್ಲಿ ಆ ಆಟ ಬೆಳೆಯಿತು. ಅಲ್ಲಿಯ ಆಟಗಾರರು ಬಡವರ ಮಕ್ಕಳು. ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುವವರು. ಚೆನ್ನಾಗಿ ಆಡಿದರೆ ಎಚ್.ಎ.ಎಲ್., ಐ.ಟಿ.ಐ.ಗಳಂಥ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕೀತೆಂಬ ಆಸೆಯಿಂದ ಆಡಿದವರು. ನಾಡಿಗೆ ಕಪ್ಪು ತಂದಾಗ ನಾಡು ಅವರನ್ನು ತನ್ನವರೆಂದಿತು. ಅವರ ಕಥೆಯನ್ನು ನಾಡಿನ ನುಡಿಯಲ್ಲಿ ಬರೆದಿಡುವ ಹೊತ್ತು ಬಂದಾಗ ಹಾಗೆನ್ನಲು ತಡಮಾಡಿತು. ಕನ್ನಡದ ಪತ್ರಿಕೆಗಳಲ್ಲಿ ಪಂದ್ಯದ ವರದಿ ಬಂದಿತು, ಗೋಲಿನ ಲೆಕ್ಕ ಬಂದಿತು. ಆ ಮನುಷ್ಯರು ಬರಲಿಲ್ಲ. ಈ ತಪ್ಪಿನಲ್ಲಿ ನಮ್ಮಂಥ ಪುಟಗಳಿಗೂ ಪಾಲಿದೆಯೆಂದು ಒಪ್ಪಿಕೊಳ್ಳುವುದೇ ನ್ಯಾಯ. ಕವಿತೆಗೂ ಕಥೆಗೂ ಮೀಸಲಾದ ಭಾನುವಾರದ ಪುಟದಲ್ಲಿ ಚೆಂಡಾಟಕ್ಕೇನು ಕೆಲಸವೆಂಬ ಬಿಗುಮಾನ ನಮ್ಮಲ್ಲಿ ಇಲ್ಲದಿರಲಿಲ್ಲ.

2023ರ ಮಾರ್ಚ್ 4ರಂದು ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮತ್ತೆ ಪಡೆಯಿತು. 54 ವರ್ಷಗಳ ನಂತರ ಬಂದ ಗೆಲುವು ಅದು. ಒಂದು ತಲೆಮಾರು ಹುಟ್ಟಿ, ಬೆಳೆದು, ನರೆತುಹೋಗುವಷ್ಟು ಕಾಲ. 1969ರಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಪಂದ್ಯ ಕಂಡ ಹುಡುಗ ಅಷ್ಟು ಹೊತ್ತಿಗೆ ಅರವತ್ತರ ಆಸುಪಾಸಿನ ಮನುಷ್ಯನಾಗಿರಬೇಕು. ಆ ರಾತ್ರಿ ಅವನ ಬಳಿ ಕುಳಿತು, ಅಂದಿನದೇನು ಇಂದಿನದೇನು ಎಂದು ಕೇಳಿದವರೆಷ್ಟು ಮಂದಿ? ಎರಡು ಗೆಲುವುಗಳ ನಡುವೆ ಸೇತುವೆಯಾಗಬೇಕಾದವನು ಅವನೇ. ಕೇಳದಿದ್ದರೆ ಆ ಸೇತುವೆ ಅವನೊಂದಿಗೇ ಹೋಗುತ್ತದೆ.

ಇನ್ನೊಂದು ಮಾತನ್ನು ಸಂಕಟದಿಂದಲೇ ಹೇಳಬೇಕಾಗಿದೆ. ಗೆಲುವನ್ನು ಮತ್ತೆ ಬಾಳುವುದಕ್ಕೂ ಗೆಲುವಿನ ಮೇಲೆ ಮುಗಿಬೀಳುವುದಕ್ಕೂ ಅಂತರವಿದೆ. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡ ಹದಿನೆಂಟನೆಯ ವರ್ಷದಲ್ಲಿ ಐ.ಪಿ.ಎಲ್. ಪ್ರಶಸ್ತಿಯನ್ನು ಆರು ರನ್ನುಗಳಿಂದ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಬಿಟ್ಟರು. ಸಂತೋಷಪಡಲೆಂದು ಮನೆ ಬಿಟ್ಟವರು ಅವರು. ಅವರ ಮನೆಗಳಲ್ಲಿ ಆ ಗೆಲುವಿನ ಕಥೆಯನ್ನು ಇನ್ನೆಂದಿಗೂ ಯಾರೂ ಲೋಟಗಳನ್ನಿಟ್ಟು ಹೇಳಲಾರರು. ಜನರ ಉತ್ಸಾಹವನ್ನೇ ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಜನ ಸೇರುವರೆಂದು ತಿಳಿದೂ ಅವರಿಗೆ ದಾರಿ, ನೆರಳು, ಹೊತ್ತು ಒದಗಿಸದ ವ್ಯವಸ್ಥೆಯ ಹೊಣೆ ಅದರಿಂದ ಕಡಿಮೆಯಾಗದು. ಕಡೆಯ ಗಳಿಗೆಯ ಗೆಲುವು ಹಳಸುವ ಪದಾರ್ಥವಲ್ಲ. ಒಂದು ವಾರ ಬಿಟ್ಟು, ವಿಶಾಲವಾದ ಬಯಲಿನಲ್ಲಿ, ಹೆಂಗಸರು ಮಕ್ಕಳು ನಿಶ್ಚಿಂತೆಯಿಂದ ನಿಲ್ಲುವಂತೆ ಅದನ್ನು ಕೊಂಡಾಡಿದ್ದರೆ ಕಪ್ಪು ಚಿಕ್ಕದಾಗುತ್ತಿರಲಿಲ್ಲ. ಆಳುವವರೂ ಆಟ ನಡೆಸುವವರೂ ಇದನ್ನು ಇನ್ನಾದರೂ ಮನಗಾಣಬೇಕು.

ನೆನಪಿಗೆ ಅವಸರವಿಲ್ಲ, ಅದಕ್ಕೆ ಬೇಕಾದುದು ಒಂದು ಮೇಜು, ನಾಲ್ಕು ಲೋಟ, ಕೇಳುವ ಕಿವಿ. ಹಾಗೆ ಹೇಳಿಕೊಳ್ಳುವಾಗ ಎರಡು ನಿಯಮಗಳನ್ನು ಪಾಲಿಸಿದರೆ ಒಳ್ಳೆಯದೆಂದು ನಮಗೆ ತೋರುತ್ತದೆ. ಮೊದಲನೆಯದು, ಎದುರಾಳಿಯನ್ನು ಕಥೆಯಿಂದ ಹೊರಗೆ ಹಾಕಬಾರದು. ಹತ್ತೇ ಮಂದಿ ನಿಂತು ತಡೆದ ಗೋವೆಯವರು ಇಲ್ಲದೆ ಭೇಕೆಯ ಗೋಲಿಗೆ ತೂಕವಿಲ್ಲ. ಎರಡನೆಯದು, ನಮಗಿಂತ ಹಿಂದೆ ಆಡಿದವರನ್ನು ಕಥೆಯೊಳಗೆ ತರಬೇಕು. ಶಾಲೆ ಕಾಲೇಜುಗಳ ವಾರ್ಷಿಕ ಸಂಚಿಕೆಗಳು, ಊರೂರಿನ ಕನ್ನಡ ಸಂಘಗಳು, ನಮ್ಮ ಪತ್ರಿಕೆಗಳು ತಂತಮ್ಮ ಊರಿನ ಹಳೆಯ ಆಟಗಾರರ ಮಾತನ್ನು ಅವರಿರುವಾಗಲೇ ಬರೆದುಕೊಳ್ಳಲಿ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲುಗಳಲ್ಲಿ ಫುಟ್‌ಬಾಲಿಗಿಂತ ಕಬಡ್ಡಿ, ಖೊಖೊ, ವಾಲಿಬಾಲುಗಳ ಆಟಗಾರರೇ ಹೆಚ್ಚು ಸಿಕ್ಕಾರು, ಇರಲಿ. ಯಾವ ಆಟದಲ್ಲಿಯೂ ಕಡೆಯ ಗಳಿಗೆಯೆಂಬುದು ಇದ್ದೇ ಇದೆ, ಅದನ್ನು ಕಂಡವರೊಬ್ಬರು ಊರಿನಲ್ಲಿ ಇದ್ದೇ ಇರುತ್ತಾರೆ. ಅಂಥವರ ಮಾತಿಗೆ ಈ ಪುಟದಲ್ಲಿ ಇನ್ನು ಮುಂದೆ ಎಡೆಯಿರುತ್ತದೆಂದು ಓದುಗರಿಗೆ ಮಾತುಕೊಡುತ್ತೇವೆ.

ಗೊಣಗಿದ ಆ ಹಿರಿಯರು ಆ ದಿನ ಎದ್ದು ಹೋಗಲಿಲ್ಲವೆಂಬುದನ್ನೂ ಹೇಳಿಬಿಡಬೇಕು. ಚೆಂಡು ಬಲೆಗೆ ಬೀಳುವ ಹೊತ್ತಿಗೆ ಅವರು ಕಾಫಿಯ ಲೋಟವನ್ನು ಬಾಯಿಗೆ ತಾರದೆ ಹಿಡಿದುಕೊಂಡೇ ಇದ್ದರು. ಆಮೇಲೆ, ತಾವು ಹುಡುಗರಾಗಿದ್ದಾಗ ಶಾಲೆಯ ಕಬಡ್ಡಿ ತಂಡ ಹೊಳಲ್ಕೆರೆಗೆ ಹೋಗಿ ಆಡಿದ ಪಂದ್ಯವೊಂದನ್ನು ನೆನೆದು, ತಮ್ಮ ಲೋಟವನ್ನೂ ಆ ತರುಣರ ಮೇಜಿನ ಮೇಲೆ ಇಟ್ಟರು.